ಏರಿದ ನೀರು ಮತ್ತು ಅಳತೆಗೋಲು

ಕಾಡಿನ ಹಳ್ಳದ ನಡುವೆ ನೆಟ್ಟ ಅಳತೆಗೋಲು ನಾನು. ನನ್ನ ಮೈಮೇಲಿನ ಅಂಕಿ ನೋಡಿಯೇ ಇಂಜಿನಿಯರ್ ನಾಗವೇಣಿಯವರು, ಕೆಳಗಿನ ಊರಿಗೆ ನೀರು ಎಷ್ಟು ದಿನ ಬರುತ್ತದೆಂದು ಲೆಕ್ಕ ಹಾಕುತ್ತಾರೆ. ಹೀಗಾಗಿ ಹಳ್ಳ ಹರಿಯುವುದೇ ನನ್ನಿಂದ ಎಂದು ನಾನು ನಂಬಿದ್ದೆ.

ಮಾರ್ಚ್‌ನಲ್ಲಿ ಒಂದು ಹನಿ ಮಳೆಯಿಲ್ಲದೆ ನೀರು ನನ್ನ ಎದೆಮಟ್ಟಕ್ಕೆ ಏರಿತು. ನಾನು ಬೀಗಿದೆ.

ಬಿಲದಿಂದ ಏಡಿಯೊಂದು ಹೊರಬಂದು ಹೇಳಿತು: "ಸ್ವಾಮಿ, ಹತ್ತು ಮಾರು ಕೆಳಗೆ ಮರ ಅಡ್ಡ ಬಿದ್ದು, ತರಗೆಲೆ ಕಟ್ಟಿಕೊಂಡಿದೆ. ನೀರು ಹೆಚ್ಚಿಲ್ಲ, ನಿಂತಿದೆ. ಅದರಾಚೆ ಬರೀ ಜಿನುಗು. ಅಲ್ಲಿದ್ದ ನನ್ನ ನೆಂಟರೆಲ್ಲ ಇಲ್ಲಿಗೆ ಬಂದು ಕೂತಿದ್ದಾರೆ."

"ನಿನ್ನ ಬಳಿ ಅಂಕಿ ಇದೆಯೇ?"

"ಇಲ್ಲ."

"ಹಾಗಾದರೆ ಸುಮ್ಮನಿರು. ಅಡ್ಡಡ್ಡ ನಡೆಯುವವರು ಹರಿವಿನ ಮಾತಾಡಬಾರದು."

ನಾಗವೇಣಿಯವರು ಬಂದು ನನ್ನನ್ನಷ್ಟೇ ನೋಡಿದರು. "ಈ ಬೇಸಿಗೆಗೆ ಚಿಂತೆಯಿಲ್ಲ" ಎಂದು ಊರವರಿಗೆ ಫೋನ್ ಮಾಡಿ ಹೊರಟರು. ಏಡಿಯ ಕಡೆ ಒಮ್ಮೆ ಗತ್ತಿನಿಂದ ನೋಡಿದೆ.

ನಾಲ್ಕೇ ದಿನ ಕಳೆದಿತ್ತು, ಊರಿಗೆ ನೀರು ಬಿಡುವ ಮಾಚಯ್ಯ ಕೊಡಲಿ ಹಿಡಿದು ಹತ್ತಿಬಂದ. "ನಲ್ಲಿ ಒಣಗಿ ಕೂತಿದೆ, ಚಿಂತೆಯಿಲ್ಲವಂತೆ!" ಎಂದು ಬೈಯುತ್ತಲೇ ಮರ ಕಡಿದ, ತರಗೆಲೆ ಬಾಚಿ ಎಸೆದ. ನೀರು ಊರಿನ ಕಡೆ ನುಗ್ಗಿತು. ನನ್ನ ಎದೆಮಟ್ಟದ ಹೆಮ್ಮೆ ಕ್ಷಣದಲ್ಲಿ ಪಾದಕ್ಕಿಳಿಯಿತು.

ಏಡಿ ಏನಾದರೂ ಅನ್ನಲಿ ಎಂದು ಕಾದೆ. ಅದು ನೆಂಟರನ್ನು ಕೆಳಕ್ಕೆ ಕಳಿಸುವ ಗಡಿಬಿಡಿಯಲ್ಲಿತ್ತು.

ಮಾಚಯ್ಯ ಬೆವರಿನಿಂದ ತೊಯ್ದ ಅಂಗಿ ಬಿಚ್ಚಿ, ಹಿಂಡಿ, ನನ್ನ ಅಂಕಿಗಳ ಮೇಲೆ ಒಣಹಾಕಿದ. ನನ್ನನ್ನು ನೆಟ್ಟ ಮೇಲೆ ಆ ಊರಿನವರೊಬ್ಬರಿಗೆ ನಾನು ಉಪಯೋಗಕ್ಕೆ ಬಂದದ್ದು ಅದೇ ಮೊದಲು.