ಬಾವಿಯ ಮೇಲಿನ ಗೂಡು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಶಾಲೆಯ ಬಸಲಿಂಗಯ್ಯ ಮೇಷ್ಟ್ರು.

ಎಳೆಯ ಗೀಜಗನೊಬ್ಬ ಬಾವಿಯ ಮೇಲಿನ ಕೊಂಬೆಗೆ ತನ್ನ ಮೊದಲ ಗೂಡು ಹೆಣೆದು, ಸಂಸಾರ ಹೂಡೋಣವೆಂದು ಒಂದು ಹೆಣ್ಣುಹಕ್ಕಿಯನ್ನು ಕರೆದ. ಅವಳು ಒಂದೆಳೆ ಜಗ್ಗಿ ನೋಡಿ ನಕ್ಕಳು. "ಇದೇನಪ್ಪಾ, ಗೂಡೋ ಜರಡಿಯೋ? ಮೊಟ್ಟೆಯಿಟ್ಟರೆ ನೇರ ಬಾವಿಗೇ!"

"ನಾನು ಯಾತಕ್ಕೂ ಬಾರದವನು ಮಾವ. ಇನ್ನು ಹುಲ್ಲು ಮುಟ್ಟುವುದಿಲ್ಲ," ಎಂದು ಅವನು ಪಕ್ಕದ ಗೂಡಿನ ಮುದಿ ಗೀಜಗನ ಮುಂದೆ ಅತ್ತ.

"ಅತ್ತುಬಿಡು ಅಳಿಯಾ. ಆಮೇಲೆ ಹೇಳು, ಅವಳು ಜಗ್ಗಿದ್ದು ನಿನ್ನ ಪುಕ್ಕವನ್ನೋ, ಹುಲ್ಲನ್ನೋ?"

"ಹುಲ್ಲನ್ನು... ಅದೂ ಒಣಹುಲ್ಲನ್ನು!" ಅವನಿಗೇ ನಗು ಬಂತು.

ಹಸಿಹುಲ್ಲು ತಂದು ಮತ್ತೆ ಹೆಣೆದ. ಅವಳು ಬಂದಳು, ಜಗ್ಗಿದಳು, ಒಳಹೊಕ್ಕು ಕೂಗಿದಳು: "ಸುಮ್ಮನೆ ನಿಂತೆಯಲ್ಲ, ಬಾಗಿಲು ಹೆಣೆಯೋ!"

ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ, ಫಲಿತಾಂಶ ಬರುವ ಮೊದಲೇ ಅವರಿಗಿದನ್ನು ಹೇಳಿಬಿಡಿ. ನಿಮಗೆ ಪುಣ್ಯ ಬರಲಿ.