ಹರಿಯದ ಎಳೆ

“ಅಜ್ಜಾರ, ಮೂರು ವರ್ಷದಾಗ ನಾನು ಒಂದ ದಿನಾನೂ ನೇಮ ತಪ್ಪಿಲ್ಲ. ಮತ್ತ ಎಲ್ಲಾರೂ ಯಾಕ ಮಠ ಬಿಟ್ಟ ಹೊಂಟಾರ?”

ಅಡಿವೆಪ್ಪ ಗುರುಗಳ ಮುಂದೆ ನಿಂತುಕೊಂಡೇ ಕೇಳಿದ. ಕೂರುವಷ್ಟು ತಾಳ್ಮೆ ಅವನಿಗಿರಲಿಲ್ಲ. ಮಠದ ಸಾಧಕರ ದಿನಚರಿ ನೋಡಿಕೊಳ್ಳುವ ಹೊಣೆ ಅವನದು. ಬೆಳಗಿನ ನಾಲ್ಕಕ್ಕೆ ಗಂಟೆ ಹೊಡೆಯುವವನೂ ಅವನೇ. ಗಂಟೆ ನಿಲ್ಲುವಷ್ಟರಲ್ಲಿ ಎದ್ದು ಬರದವರಿಗೆ ಅಂದು ಊಟವಿಲ್ಲ. ಹನ್ನೊಂದು ಸಾಧಕರಲ್ಲಿ ಹತ್ತು ಮಂದಿ ಒಬ್ಬೊಬ್ಬರಾಗಿ ಹೋಗಿಯಾಗಿತ್ತು. ಉಳಿದವನು ನಿಂಗಯ್ಯ, ಅಡಿವೆಪ್ಪನ ಜೊತೆಯಲ್ಲೇ ದೀಕ್ಷೆ ಪಡೆದ ಗೆಳೆಯ. ನಿನ್ನೆ ಜ್ವರದಲ್ಲಿ ಏಳಲಾರದೆ ಉಪವಾಸ ಮಲಗಿದ್ದ. ಈಗ ಪಕ್ಕದ ಕೋಣೆಯಲ್ಲಿ ಬಟ್ಟೆಬರೆ ಜೋಡಿಸಿಕೊಳ್ಳುತ್ತಿದ್ದ. ಅವನು ಹೊಸ್ತಿಲು ದಾಟುವುದರೊಳಗೆ ಅಡಿವೆಪ್ಪನಿಗೆ ಉತ್ತರ ಬೇಕಿತ್ತು.

ಗುರುಗಳಿಗೆ ಅವಸರವಿರಲಿಲ್ಲ. ಅವರು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಕಸೂತಿಗಾರ್ತಿ. ಹಿರಿಯ ಮಗಳ ಮದುವೆಗೆ ಕರಿಯ ರೇಷ್ಮೆ ಸೀರೆಯ ಸೆರಗಿನ ಮೇಲೆ ಆನೆ ಹೊಲಿದು ಕೊಟ್ಟಿದ್ದಳು. ವರ್ಷ ಕಳೆಯುವುದರೊಳಗೆ ಆನೆಯ ಕಾಲಿನ ಎಳೆ ಸವೆದು ಹರಿಯಿತು. ಬೀಗರು ಕುಂಟಾನೆ ಎಂದು ನಕ್ಕರು. ಆ ನಗು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಕಿರಿಯ ಮಗಳ ಮದುವೆ ಗೊತ್ತಾದಾಗ, ಈ ಸಲ ಎಂದೂ ಹರಿಯದ ಎಳೆಯಿಂದಲೇ ಹೊಲಿಯುತ್ತೇನೆ ಎಂದು ಹಟ ಹಿಡಿದಳು. ನಾಲ್ಕು ಎಳೆಗಳನ್ನು ಸೇರಿಸಿ ಬಿಗಿಯಾಗಿ ಹೊಸೆದಳು. ಮೇಣ ಸವರಿದಳು. ಎರಡು ಕೈಯಲ್ಲಿ ಹಿಡಿದು ಜಗ್ಗಿ ನೋಡಿದಳು. ಬೆರಳು ಕೊಯ್ದು ರಕ್ತ ಬಂತು, ಎಳೆ ಹರಿಯಲಿಲ್ಲ. ಅವಳಿಗೆ ಹಿಗ್ಗೋ ಹಿಗ್ಗು.

ಅತ್ತೆ ಅದೇ ಕೆಲಸದಲ್ಲಿ ಕಣ್ಣು ಸವೆಸಿದವಳು. ಹತ್ತಿರ ಬಂದು ಎಳೆಯನ್ನು ಮುಟ್ಟಿ ನೋಡಿದಳು.

“ಅದೇ ಸೀರಿ ಕುಚ್ಚಿನ್ಯಾಗಿಂದ ಎಳಿ ತಗದು ಹಾಕವ್ವಾ. ಅರಿವಿ ಎಷ್ಟ ತಾಳತೈತೋ, ಎಳಿ ಅದಕಿಂತ ಒಂದ ಚೂರು ಕಡಿಮಿ ತಾಳಬೇಕು.”

“ಅರಿವಿ ಚಿಂತಿ ನೇಕಾರಂದು ಅತ್ತೀ. ನನಗ ನನ್ನ ಆನಿ ಉಳದ್ರ ಸಾಕು.”

ಕಸೂತಿಯಲ್ಲಿ ಗಂಟು ಹಾಕುವ ರೂಢಿಯಿಲ್ಲ. ಎಳೆಯ ತುದಿಯನ್ನು ಹಾಕಿದ ಹೊಲಿಗೆಯ ಅಡಿಯಲ್ಲೇ ತೂರಿಸಿ ಮರೆಸಬೇಕು. ಸೀರೆಯ ಒಳಮೈಯೂ ಹೊರಮೈಯೂ ಒಂದೇ ಆಗಿ ಕಾಣಬೇಕು. ಅವಳಿಗೆ ಅದರಲ್ಲೂ ನಂಬಿಕೆ ಬರಲಿಲ್ಲ. ಯಾರಿಗೂ ಕಾಣದಂತೆ ತುದಿತುದಿಗೆ ಗಂಟು ಹಾಕಿದಳು, ಒಂದೊಂದು ಹೊಲಿಗೆಯನ್ನೂ ಜಗ್ಗಿ ಬಿಗಿದಳು. ಮದುವೆಯ ದಿನ ಆನೆ ಸೆರಗಿನ ಮೇಲೆ ಸೆಟೆದು ನಿಂತಿತ್ತು. ಬೀಗರು ನಗಲಿಲ್ಲ, ಮೆಚ್ಚಿ ತಲೆದೂಗಿದರು.

ಪಕ್ಕದ ಕೋಣೆಯಲ್ಲಿ ಪೆಟ್ಟಿಗೆಯ ಮುಚ್ಚಳ ಬಿದ್ದ ಸದ್ದಾಯಿತು. ಅಡಿವೆಪ್ಪ ಬಾಗಿಲ ಕಡೆ ನೋಡಿದ, ಮತ್ತೆ ಗುರುಗಳ ಕಡೆ ನೋಡಿದ. ಇಲ್ಲಿ ಗೆಳೆಯ ಹೊರಟು ನಿಂತಿದ್ದಾನೆ, ಇವರು ಸೀರೆಯ ಕತೆ ಹೇಳುತ್ತಿದ್ದಾರೆ ಎಂದು ಅವನಿಗೆ ಮೈಯೆಲ್ಲ ಉರಿಯಿತು. ಗುರುಗಳು ಅದನ್ನು ಕಂಡೂ ಕಾಣದವರಂತೆ ಮುಂದುವರಿಸಿದರು.

ಮರುವರ್ಷ ಪಂಚಮಿಗೆ ಮಗಳು ತವರಿಗೆ ಬಂದಳು. ತಾಯಿ ಬೇರೆ ಏನನ್ನೂ ವಿಚಾರಿಸದೆ ಮೊದಲು ಸೀರೆ ಕೇಳಿ ಇಸಿದುಕೊಂಡಳು. ಮಡಿಕೆ ಬಿಚ್ಚಿ ಸೆರಗು ಕೊಡವಿದ್ದೇ ತಡ, ಆನೆ ಇಡಿಯಾಗಿ ಕಳಚಿ ಅವಳ ಅಂಗೈಗೆ ಬಿತ್ತು. ಸೊಂಡಿಲು, ಬಾಲ, ನಾಲ್ಕು ಕಾಲು ಎಲ್ಲವೂ ನೆಟ್ಟಗಿದ್ದವು. ಆ ಬಿಗಿ ಎಳೆ ಒಗೆತ ಒಗೆತಕ್ಕೂ ಸುತ್ತಲಿನ ರೇಷ್ಮೆಯನ್ನು ಕೊಯ್ಯುತ್ತಾ ಬಂದಿತ್ತು. ಸೆರಗಿನಲ್ಲಿ ಆನೆಯಷ್ಟೇ ದೊಡ್ಡ ತೂತು ಉಳಿದಿತ್ತು.

ಅವಳು ಅಳುತ್ತಲೇ ವಾದಿಸಿದಳು: “ನೋಡ್ರಿ ಅತ್ತೀ, ಒಂದ ಎಳಿನೂ ಹರದಿಲ್ಲ!”

“ಹೌದವ್ವಾ, ಹರದಿಲ್ಲ. ಹರದಿದ್ರ ಅದೇ ಜಾಗಾದಾಗ ಮತ್ತ ಹೊಲೀಬಹುದಿತ್ತು. ಈಗ ಎದರ ಮ್ಯಾಲೆ ಹೊಲೀತಿ?” ಎಂದಳು ಅತ್ತೆ.

ಗುರುಗಳು ಕತೆ ನಿಲ್ಲಿಸಿದರು. ನಿಂಗಯ್ಯ ಬಟ್ಟೆಯ ಗಂಟನ್ನು ಹೆಗಲಿಗೇರಿಸಿಕೊಂಡು ಅಂಗಳಕ್ಕೆ ಇಳಿದಿದ್ದ. ಜ್ವರ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಕಂಬ ಹಿಡಿದು ಒಂದು ಗಳಿಗೆ ನಿಂತ.

ಅಡಿವೆಪ್ಪ ತಡೆಯಲಾರದೆ ಹೇಳಿದ: “ಆಕಿ ತಪ್ಪು ನನಗ ತಿಳೀತು ಅಜ್ಜಾರ. ಆದ್ರ ನಾನೇನ ತಪ್ಪ ಮಾಡೇನಿ? ಗಂಟಿ ಒಂದ ದಿನಾನೂ ತಪ್ಪಿಸಿಲ್ಲಲ್ಲ!”

ಗುರುಗಳು ಅಂಗಳದತ್ತ ನೋಡುತ್ತಾ ಕೇಳಿದರು:

“ನಾಳೆ ಮುಂಜಾನಿ ಆ ಗಂಟಿ ಯಾರನ್ನ ಎಬ್ಬಸಾಕ ಹೊಡೀತಿ, ಅಡಿವೆಪ್ಪಾ?”