ಎರಡೊಲೆ ಗುಡ್ಡದ ಹೊಗೆ

ಕಡಲಿಗೆ ಮುಖಮಾಡಿ ನಿಂತ ಎರಡೊಲೆ ಗುಡ್ಡವನ್ನು ಹತ್ತಲು ಈಗ ಇರುವುದು ಒಂದೇ ದಾರಿ. ಬೇಲೆಬೈಲಿನ ಬಸ್ ನಿಲ್ದಾಣದ ಹಿಂದೆ ಗೇಟು, ಅಲ್ಲೊಂದು ಚೀಟಿ, ಆಮೇಲೆ ಗೇರುಮರಗಳ ನಡುವೆ ಎರಡು ತಾಸಿನ ಏರು. ತುದಿಯಲ್ಲಿ, ಒಂದು ಕೂಗಳತೆಯ ಅಂತರದಲ್ಲಿ, ಮಸಿ ಹಿಡಿದ ಎರಡು ಕಲ್ಲೊಲೆಗಳಿವೆ. ಪಾಂಡವರು ಅನ್ನ ಬೇಯಿಸಿದ ಒಲೆಗಳೆಂದು ಗೈಡು ಹೇಳುತ್ತಾನೆ. ಪಾಪ, ಪಾಂಡವರಿಗೆ ಕಂಡಕಂಡ ಗುಡ್ಡದ ಮೇಲೆಲ್ಲ ಅಡುಗೆ ಮಾಡುವುದೇ ಕೆಲಸವಾಗಿತ್ತೋ ಏನೋ! ನಾನಂತೂ ನಂಬುವವನಲ್ಲ. ನಮ್ಮ ಹಿರಿಯರು ಹೇಳಿದ್ದು ಬೇರೆ.

ಹಿಂದೆ ಒಮ್ಮೆ ಈ ಕರಾವಳಿಯಲ್ಲಿ ಕಡಲ್ಗಳ್ಳರ ಕಾಟ ವಿಪರೀತವಾಗಿತ್ತು ಎನ್ನುತ್ತಾರೆ. ಗುಡ್ಡದ ಈಚೆ ಮೀನುಗಾರರ ಬೇಲೆಬೈಲು, ಆಚೆ ಬೇಸಾಯಗಾರರ ಹೊಸಗದ್ದೆ. ಕಳ್ಳರಿಗೆ ಸುದ್ದಿ ಮುಟ್ಟಿಸುವವರು ಅವರೇ ಎಂದು ಇವರು, ಇವರೇ ಎಂದು ಅವರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಕಡೆಗೊಂದು ಕಟ್ಟಳೆಯಾಯಿತು: ಗುಡ್ಡದ ಮೇಲೆ ಊರಿಗೊಬ್ಬ ಕಾವಲುಗಾರ, ಊರಿಗೊಂದು ಒಲೆ. ಹಡಗು ಕಂಡರೆ ಇಬ್ಬರೂ ಹೊಗೆ ಎಬ್ಬಿಸಬೇಕು. ಎರಡು ಹೊಗೆ ಎದ್ದರೆ ಎಲ್ಲರೂ ಕಾಡು ಸೇರಬೇಕು. ಒಂದೇ ಎದ್ದರೆ ಅದು ಮನೆ ಖಾಲಿ ಮಾಡಿಸಿ ದೋಚುವ ಹೂಟ, ಯಾರೂ ಅಲುಗಬಾರದು.

ಒಂದು ಸುಗ್ಗಿಯ ಬೆಳಿಗ್ಗೆ ಹೊಸಗದ್ದೆಯ ಬೊಮ್ಮು ಜ್ವರ ಬಂದು ಮಲಗಿದ್ದರಿಂದ ಬೇಲೆಬೈಲಿನ ಜಟ್ಟ ಒಬ್ಬನೇ ಮೇಲಿದ್ದ. ಪಡುವಣದಲ್ಲಿ ನಾಲ್ಕು ಹಾಯಿ ಕಂಡವು. ಕೆಳಗೆ ಮರಳಿನ ಮೇಲೆ ಅವನ ಬಸುರಿ ಹೆಂಡತಿ ಗಣಪಿ ಮೀನು ಒಣಗಿಸುತ್ತಿದ್ದಳು. ಜಟ್ಟ ತನ್ನ ಒಲೆಗೆ ಹಸಿಸೊಪ್ಪು ಒಟ್ಟಿ ಹೊಗೆ ಎಬ್ಬಿಸಿದ. ಎರಡೂ ಊರಿನವರು ತಲೆಯೆತ್ತಿ ನೋಡಿ, ಒಂದೇ ಎಂದು ಮತ್ತೆ ಬಗ್ಗಿ ಕೆಲಸಕ್ಕೆ ತೊಡಗಿದರು. ಜಟ್ಟ ಕೊಳ್ಳಿ ಹಿಡಿದು ಓಡಿದವನೇ ಬೊಮ್ಮುವಿನ ಒಲೆಯನ್ನೂ ಹಚ್ಚಿದ. ಆಗ ಜನ ಓಡಿದರು. ಕಳ್ಳರು ಗುಡಿಸಲು ಸುಟ್ಟರು, ಆದರೆ ಒಂದು ಜೀವವೂ ಹೋಗಲಿಲ್ಲ.

ಸಂಜೆ ಎರಡೂ ಊರು ಕೂಡಿದಾಗ ಬೊಮ್ಮು ಕಂಬಳಿ ಹೊದ್ದು ಬಂದು, ತಾನು ಗುಡ್ಡ ಹತ್ತಲೇ ಇಲ್ಲ ಎಂದ. ಎಲ್ಲರ ಕಣ್ಣೂ ಜಟ್ಟನ ಮೇಲೆ ಬಿದ್ದವು.

"ಇವತ್ತು ಒಳ್ಳೇದಕ್ಕೆ ಹಚ್ಚಿದ್ಯೋ ಮಾರಾಯ. ನಾಳೆ?" ಎಂದು ಹೊಸಗದ್ದೆಯ ಹಿರಿಯ ಕೇಳಿದ.

ಉತ್ತರ ಕೊಟ್ಟವಳು ಗಣಪಿ: "ನಾಳೆ ಅನ್ನೂಕೆ ನೀವು ಉಳ್ದಿದ್ದೇ ಅವನಿಂದ!"

ಯಾರ ಕಿವಿಗೂ ಅದು ಹೋಗಲಿಲ್ಲ. ಜಟ್ಟ ಇನ್ನು ಗುಡ್ಡ ಹತ್ತಕೂಡದೆಂದು ತೀರ್ಮಾನವಾಯಿತು.

ಮರುವರ್ಷ ಹಾಯಿಗಳು ಮತ್ತೆ ಬಂದವು. ಬೊಮ್ಮು ಒಂದು ಕಡೆ, ಬೇಲೆಬೈಲಿನ ಹೊಸ ಕಾವಲುಗಾರ ಇನ್ನೊಂದು ಕಡೆ, ಕಟ್ಟಳೆಯಂತೆಯೇ ಎರಡು ಹೊಗೆ ಎಬ್ಬಿಸಿದರು. ಆದರೆ ಜನ ಕದಲಲಿಲ್ಲ. ಇಬ್ಬರು ಹಚ್ಚಿದ್ದೋ, ಒಬ್ಬನೇ ಹಚ್ಚಿದ್ದೋ? ನೋಡಿ ಬರಲು ಆಳು ಕಳಿಸಿದರು. ಜಟ್ಟ "ಓಡಿ, ಓಡಿ!" ಎಂದು ಬೀದಿಬೀದಿಯಲ್ಲಿ ಕೂಗಿದ. ಅವನು ಕೂಗಿದ್ದಕ್ಕೇ ಅನುಮಾನ ಇನ್ನೂ ಗಟ್ಟಿಯಾಯಿತು. ಆಳು ತುದಿ ಮುಟ್ಟಿ ಇಬ್ಬರನ್ನೂ ಕಂಡು ತಿರುಗಿ ನೋಡುವಷ್ಟರಲ್ಲಿ ಕೆಳಗೆ ಕತ್ತಿಗಳು ಇಳಿದಾಗಿದ್ದವು.

ಅರ್ಧ ದಾರಿಯಲ್ಲಿ ಗೇರುಮರಗಳ ಕೆಳಗೆ ಸಾಲಾಗಿ ಅಂದು ಸತ್ತವರ ಹದಿನೇಳು ಚಪ್ಪಟೆ ಕಲ್ಲುಗಳು ಇಂದಿಗೂ ಇವೆ. ಮೂರನೆಯದು ಗಣಪಿಯದು, ಪಕ್ಕದ ಪುಟ್ಟದು ಅವಳ ಕೂಸಿನದು ಎನ್ನುತ್ತಾರೆ. ಚಾರಣಕ್ಕೆ ಬಂದವರು ಅವುಗಳ ಮೇಲೆ ಕೂತು ನೀರು ಕುಡಿಯುತ್ತಾರೆ. ಏಳಿ, ಅಲ್ಲಿ ಕೂರಬೇಡಿ ಎಂದು ನಾನು ಹೇಳಿದರೆ, ಈ ಮುದುಕನಿಗೆ ಏನು ಬೇಕಾಗಿದೆಯೋ ಎಂಬಂತೆ ನನ್ನನ್ನು ನೋಡಿ, ಚೀಲಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.